ಹಳೆಯ ಹೊತ್ತಗೆ, ಹೊಸ ಹೊತ್ತಗೆ



ಪುಸ್ತಕಗಳ ವಿಚಾರವಾಗಿ ಮಾತು ಬಂದಾಗಲೆಲ್ಲ ನನ್ನ ಬಳಗದಲ್ಲಿ ಎರಡು ಪಕ್ಷಗಳಾಗುವುದುಂಟು. ವಯಸ್ಸಾದವರು ಪಂಪ, ಕುಮಾರವ್ಯಾಸರ ತರುವಾಯ ಕನ್ನಡದಲ್ಲಿ ಓದತಕ್ಕದ್ದು ಏನೂ ಹುಟ್ಟಲಿಲ್ಲವೆನ್ನುತ್ತಾರೆ. ನನ್ನ ವಿದ್ಯಾರ್ಥಿಗಳಾದರೋ ಹಳಗನ್ನಡದ ಹೆಸರೆತ್ತಿದೊಡನೆ ಗಡಿಯಾರದ ಕಡೆಗೆ ನೋಡುತ್ತಾರೆ. ಎರಡು ಪಕ್ಷದವರೂ ಪುಸ್ತಕವನ್ನು ತೆರೆಯುವುದಕ್ಕೆ ಮುಂಚೆಯೇ ತೀರ್ಪು ಕೊಟ್ಟುಬಿಡುತ್ತಾರೆಂಬುದು ನನ್ನ ದೂರು. ನಾನೂ ಬಹುಕಾಲ ಹಾಗೆಯೇ ಮಾಡಿದವನಾದುದರಿಂದ, ಈ ದೂರನ್ನು ಹೇಳುವ ಅಧಿಕಾರ ನನಗೆ ಸ್ವಲ್ಪಮಟ್ಟಿಗೆ ಉಂಟು.

ಈ ಪಕ್ಷಪಾತದ ಬಿಸಿಯನ್ನು ಚೆನ್ನಾಗಿ ಅರಿತಿದ್ದವರು ಮುದ್ದಣನೆಂದು ಹೆಸರಾದ ನಂದಳಿಕೆಯ ಲಕ್ಷ್ಮೀನಾರಣಪ್ಪನವರು. ಉಡುಪಿಯಲ್ಲಿ ಶಾಲಾ ಉಪಾಧ್ಯಾಯರಾಗಿದ್ದ ಅವರು ತಮ್ಮ ಗ್ರಂಥಗಳನ್ನು ತಮ್ಮವೆಂದು ಹೇಳಿಕೊಳ್ಳದೆ, ಯಾರೋ ಪೂರ್ವಕವಿಯವೆಂಬ ವೇಷ ತೊಡಿಸಿ ಮೈಸೂರಿಗೆ ಅಚ್ಚಿಗಾಗಿ ಕಳುಹಿಸಿದರು. 1901ರಲ್ಲಿ, ಇನ್ನೂ ಚಿಕ್ಕ ಪ್ರಾಯದಲ್ಲಿಯೇ, ತೀರಿಕೊಂಡರು. ಕರ್ತೃ ಯಾರೆಂಬುದು ಲೋಕಕ್ಕೆ ತಿಳಿದದ್ದು ಆಮೇಲೆ. ಅವರ ‘ಶ್ರೀರಾಮಾಶ್ವಮೇಧ’ದಲ್ಲಿ ಕುದುರೆಯ ಹಿಂದೆ ನಡೆಯುವ ಯುದ್ಧಗಳು ನನಗೆ ಬೇಸರ ತರುತ್ತವೆ; ಮುಚ್ಚುಮರೆಯೇಕೆ? ಆದರೆ ಕಥೆ ಹೇಳುವ ಮುದ್ದಣನಿಗೂ ಕೇಳುವ ಹೆಂಡತಿ ಮನೋರಮೆಗೂ ನಡುನಡುವೆ ನಡೆಯುವ ಸರಸ ಸಂಭಾಷಣೆಯನ್ನು ಎಷ್ಟು ಸಲ ಓದಿದರೂ ತೃಪ್ತಿಯಿಲ್ಲ. ಗಂಡನ ಪಾಂಡಿತ್ಯಕ್ಕೆ ಆಕೆ ಬೆರಗಾಗುವವಳಲ್ಲ. ಹಳೆಯ ವೇಷದೊಳಗೆ ಕುಳಿತು ಹೊಸ ಕಾಲದ ಓದುಗಳೊಬ್ಬಳು ಮಾತನಾಡುತ್ತಿದ್ದಾಳೆ.

ಪಂಪನದು ಇದಕ್ಕೆ ತಿರುಗಾದ ಕಥೆ. 941ರಲ್ಲಿ ‘ವಿಕ್ರಮಾರ್ಜುನ ವಿಜಯ’ವನ್ನು ಬರೆದಾಗ ಆತನೂ ತನ್ನ ಕಾಲದ ಲೇಖಕನೇ ಅಲ್ಲವೆ? ತನ್ನ ಒಡೆಯನಾದ ಅರಿಕೇಸರಿಯನ್ನು ಅರ್ಜುನನೊಡನೆ ಒಂದುಮಾಡುವುದಕ್ಕಾಗಿ ದ್ರೌಪದಿಯನ್ನು ಅರ್ಜುನನೊಬ್ಬನಿಗೇ ಮಡದಿಯಾಗಿ ಮಾಡಿದನು. ಕೊನೆಗೆ ಪಟ್ಟಾಭಿಷೇಕದ ವೇಳೆ ಸಿಂಹಾಸನದಲ್ಲಿ ಸುಭದ್ರೆಯನ್ನು ಕೂರಿಸಿದನು. ಅಷ್ಟು ದುಃಖ ಉಂಡ ದ್ರೌಪದಿಗೆ ಇದು ನ್ಯಾಯವೆಂದು ನನಗೆ ಈವರೆಗೂ ತೋರಿಲ್ಲ. ಅದೇ ಪಂಪನು ಕರ್ಣನ ಬಳಿಗೆ ಬಂದಾಗ ಒಡೆಯನ ಮೆಚ್ಚಿಗೆಯನ್ನು ಮರೆಯುತ್ತಾನೆ. ಅರ್ಜುನನ ವೈರಿಯನ್ನು ಹೊಗಳಿದರೆ ಆಸ್ಥಾನದಲ್ಲಿ ಏನೆಂದಾರೆಂಬ ಚಿಂತೆ ಆ ಪದ್ಯಗಳಲ್ಲಿ ಕಾಣುವುದಿಲ್ಲ. ಸಾವಿರ ವರ್ಷಗಳು ಕಳೆದರೂ ನಾವು ಆ ಕಾವ್ಯಕ್ಕೆ ಮರಳಿ ಹೋಗುವುದು ಕರ್ಣನಿಗಾಗಿ.

ಇನ್ನು ನನ್ನ ತಪ್ಪೊಪ್ಪಿಗೆ. ಬಿ.ಎ. ತರಗತಿಯಲ್ಲಿದ್ದಾಗ ಹಾರ್ಡಿಯ ‘ಟೆಸ್’ ನನ್ನ ಕೈಗೆ ಬಂತು. ಆ ಬಡ ಸಂಸಾರದ ಕುದುರೆ ಟಪಾಲಿನ ಗಾಡಿಗೆ ಸಿಕ್ಕಿ ಸತ್ತಾಗ, ತಂದೆ ತೀರಿದ ಮೇಲೆ ಮನೆ ತಪ್ಪಿ ತಾಯಿಮಕ್ಕಳು ಬೀದಿಪಾಲಾದಾಗ, ರಜಾ ದಿನಗಳಲ್ಲಿ ನಮ್ಮ ಮನೆಯ ಜಗುಲಿಯ ಮೇಲೆ ಕುಳಿತು ಅತ್ತೆನು. ಅದೇ ದಿನಗಳಲ್ಲಿ ಸ್ನೇಹಿತನೊಬ್ಬನು ಶಿವರಾಮ ಕಾರಂತರ ‘ಚೋಮನ ದುಡಿ’ಯನ್ನು ತಂದುಕೊಟ್ಟನು. 1933ರಲ್ಲಿ ಪ್ರಕಟವಾದ ಸಣ್ಣ ಪುಸ್ತಕ. ಕನ್ನಡದ ಕಾದಂಬರಿಯಲ್ಲಿ ಏನಿದ್ದೀತೆಂದು ಹಾಳೆ ಕತ್ತರಿಸದೆ ಕಪಾಟಿನ ಮೇಲಿಟ್ಟೆನು. ಓದಿದ್ದು ಆರು ವರ್ಷಗಳ ಮೇಲೆ, ಮಳೆಗೆ ದೀಪ ಆರಿಹೋಗುತ್ತಿದ್ದ ಒಂದು ರಾತ್ರಿ.

ಚೋಮನಿಗೆ ಎತ್ತುಗಳಿವೆ, ದುಡಿಯುವ ತೋಳಿದೆ. ಬೇಕಾದದ್ದು ಉಳುವುದಕ್ಕೊಂದು ತುಂಡು ಭೂಮಿ. ಹುಟ್ಟಿದ ಜಾತಿಯ ದೆಸೆಯಿಂದ ಅದು ಆತನಿಗೆ ಸಿಕ್ಕುವುದಿಲ್ಲ. ಕಾರಂತರು ಎಲ್ಲಿಯೂ ಕೂಗಾಡುವುದಿಲ್ಲ. ಅವರ ವಾಕ್ಯಗಳು ಮೊಟಕು, ಕೆಲವೆಡೆ ಒರಟು ಕೂಡ. ದುಃಖ ಮಿತಿಮೀರಿದಾಗ ಚೋಮನು ದುಡಿ ಬಾರಿಸುತ್ತಾನೆ, ಅಷ್ಟೆ.

ನಮ್ಮ ಗದ್ದೆಯಲ್ಲಿ ದುಡಿಯುತ್ತಿದ್ದ ಒಬ್ಬಾತನು ಅಂಗಳದಾಚೆ ನಿಂತು ಕೂಲಿಯ ಬತ್ತವನ್ನು ಕಂಬಳಿಗೆ ಹೊಯ್ಯಿಸಿಕೊಂಡು ಹೋಗುತ್ತಿದ್ದನು. ನಾನು ಟೆಸ್‌ಗಾಗಿ ಕಣ್ಣೀರಿಡುತ್ತಿದ್ದಾಗಲೂ ಆತನು ಅಲ್ಲಿಯೇ ನಿಂತಿದ್ದಿರಬೇಕು. ಹಾರ್ಡಿಯ ವೆಸೆಕ್ಸಿನ ಊರುಗಳ ನಕ್ಷೆ ನನಗೆ ಬಾಯಿಪಾಠವಾಗಿತ್ತು. ಆತನ ಗುಡಿಸಲು ಊರಿನ ಯಾವ ದಿಕ್ಕಿಗಿತ್ತೆಂದು ನನಗೆ ತಿಳಿದಿರಲಿಲ್ಲ.

ಇದರಲ್ಲಿ ಹಾರ್ಡಿಯ ತಪ್ಪೇನೂ ಇಲ್ಲ. ‘ಟೆಸ್’ ಈಗಲೂ ನನಗೆ ಪ್ರಿಯವಾದ ಪುಸ್ತಕ. ಪ್ರತಿ ವರ್ಷವೂ ಪಾಠ ಹೇಳುತ್ತೇನೆ. ಆದರೆ ಜಗುಲಿಯ ಈ ಸಂಗತಿಯನ್ನು ತರಗತಿಯಲ್ಲಿ ಹೇಳಲು ಈವರೆಗೆ ಬಾಯಿ ಬಂದಿಲ್ಲ. ಮುಖ ಕಾಣದ ನಿಮ್ಮೆದುರಿಗೆ ಹೇಳುವುದು ಸುಲಭವೆಂದು ತೋರಿತು.