ದಿಂಡಿಗಲ್ಲು ಸೀಮೆಯ ಜ್ವರವೂ ವೈದ್ಯವೂ



1755ರಲ್ಲಿ ಹೈದರಾಲಿಯು ದಿಂಡಿಗಲ್ಲಿಗೆ ಫೌಜದಾರನಾಗಿ ಹೋಗಿ ಅಲ್ಲಿಂದಲೇ ತನ್ನ ಏಳಿಗೆಗೆ ತೊಡಗಿದನೆಂಬುದು ಮೈಸೂರಿನ ಚರಿತ್ರೆಯನ್ನೋದಿದವರೆಲ್ಲರೂ ಬಲ್ಲ ಸಂಗತಿ. ಆದರೆ ಆಂಡಿಪಟ್ಟಿಯಿಂದ ಕಂಬಂ ಕಣಿವೆಯವರೆಗೆ ಹಬ್ಬಿದ ಆ ಸೀಮೆಯ ಪ್ರಜೆಗಳು, ಇಂದಿಗೂ ಮನೆಯೊಳಗೆ ಕನ್ನಡವಾಡುವ ಕಪ್ಪಿಲಿಯರೂ ಸೇರಿದಂತೆ, ಮುಂದಿನ ಅರ್ಧ ಶತಮಾನದಲ್ಲಿ ಪಟ್ಟ ಪಾಡನ್ನು ನಮ್ಮ ಚರಿತ್ರಕಾರರು ಅಷ್ಟಾಗಿ ಬರೆದಿಲ್ಲ. 1790ರಲ್ಲಿ ದಿಂಡಿಗಲ್ಲಿನ ಕೋಟೆ ಈಸ್ಟ್ ಇಂಡಿಯಾ ಕಂಪನಿಯವರ ವಶವಾಯಿತು. 1792ರ ಶ್ರೀರಂಗಪಟ್ಟಣದ ಒಪ್ಪಂದದಿಂದ ಸೀಮೆಯೇ ಕೈಬದಲಾಯಿತು. ಅನಂತರ ಪಾಳೆಯಗಾರರ ದಂಗೆಯೆದ್ದು, 1801ರಲ್ಲಿ ಕಂಪನಿಯವರು ವಿರೂಪಾಕ್ಷಿಯ ಪಾಳೆಯಗಾರ ಗೋಪಾಲನಾಯಕನನ್ನು ಗಲ್ಲಿಗೇರಿಸಿದರು. ಇದು ಅಂತರ್ಯುದ್ಧವೇ ಅಲ್ಲವೇ ಎಂದು ಪಂಡಿತರು ಚರ್ಚಿಸಲಿ. ಎಟ್ಟಯಾಪುರದವರೂ ಪುದುಕ್ಕೋಟೆಯವರೂ ಕಂಪನಿಯ ಪಕ್ಷವನ್ನು ಹಿಡಿದು ನೆರೆಯವರ ಮೇಲೆ ನಡೆದ ಆ ಕಾಳಗಕ್ಕೆ ಬೇರೆ ಹೆಸರು ನನಗಂತೂ ತೋಚದು.

ಶಾಂತಿ ನೆಲಸಿದೊಡನೆ ಹೊಸ ಪ್ರಭುಗಳು ಮಾಡಿದ್ದೇನು? ಕೋಟೆಗಳನ್ನು ಕೆಡವಿಸಿದರು, ಆಯುಧಗಳನ್ನು ಕಸಿದರು, ಹೊಲಗಳನ್ನಳೆದು ಕಂದಾಯವನ್ನು ಗೊತ್ತುಮಾಡಿದರು. ಪ್ರಜೆಯ ಮೈಯ ಯೋಗಕ್ಷೇಮ ಯಾರ ದಫ್ತರಕ್ಕೂ ಸೇರಿರಲಿಲ್ಲ. ಊರ ನಾಟಿವೈದ್ಯನೇ ಗತಿ. ಹೀಗಿರಲು 1809ರಿಂದ 1811ರವರೆಗೆ ಕೊಯಮತ್ತೂರು, ಮಧುರೆ, ದಿಂಡಿಗಲ್ಲು, ತಿರುನೆಲ್ವೇಲಿಗಳನ್ನು ಮಹಾಜ್ವರವೊಂದು ವ್ಯಾಪಿಸಿ, ಊರೂರುಗಳನ್ನು ಪೀಡಿಸಿದ ಮೇಲೆ, ಮದರಾಸು ಸರಕಾರವು ಏನ್ಸ್ಲೀ, ಸ್ಮಿತ್, ಕ್ರಿಸ್ಟಿ ಎಂಬ ಮೂವರು ವೈದ್ಯರನ್ನು ವಿಚಾರಣೆಗೆ ನೇಮಿಸಿತು. ಅವರ ವರದಿ 1816ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ಜ್ವರಕ್ಕೆ ಕಾರಣ ಜೌಗುನೆಲದಿಂದೇಳುವ ವಿಷವಾಯುವೆಂಬುದು ಆ ಕಾಲದ ವೈದ್ಯರ ನಂಬಿಕೆ. ಮಲೇರಿಯಾ ಜ್ವರವನ್ನು ಹರಡುವ ಸೊಳ್ಳೆಯ ಗುಟ್ಟನ್ನು ಸಿಕಂದರಾಬಾದಿನಲ್ಲಿ ರೊನಾಲ್ಡ್ ರಾಸ್ ಕಂಡದ್ದು 1897ರಷ್ಟು ತಡವಾಗಿ. ಆದರೂ ಈ ಸೀಮೆಯ ಪುನರುಜ್ಜೀವನದ ಮೊದಲ ಮೆಟ್ಟಿಲು ಆಸ್ಪತ್ರೆಯಲ್ಲ, ಈ ವಿಚಾರಣೆ ಎಂದೇ ನನ್ನ ಎಣಿಕೆ. ಜನರ ರೋಗವನ್ನೂ ಕೇಳಬೇಕೆಂದು ಸರಕಾರಕ್ಕೆ ಅಂದು ತೋರಿತಲ್ಲ! ಈ ಏನ್ಸ್ಲೀಯೇ 1813ರಲ್ಲಿ ನಮ್ಮ ದೇಶದ ಔಷಧದ್ರವ್ಯಗಳನ್ನು ಕುರಿತು ಗ್ರಂಥವನ್ನು ಪ್ರಕಟಿಸಿದವನೆಂಬುದೂ ಸ್ಮರಣೀಯ.

ಆಸ್ಪತ್ರೆಗಳು ಬಂದುದು ನಿಧಾನವಾಗಿ, ಮತ್ತು ಬಂದ ದಾರಿಯೂ ವಿಚಿತ್ರ. 1834ರಲ್ಲಿ ಶ್ರೀಲಂಕೆಯ ಯಾಳ್ಪಾಣದ (ಜಾಫ್ನಾದ) ಅಮೆರಿಕನ್ ಮಿಷನ್ನು ತನ್ನದೊಂದು ಶಾಖೆಯನ್ನು ಮಧುರೆಗೆ ಕಳುಹಿತು. ಅದರ ವೈದ್ಯ ಎಡ್ವರ್ಡ್ ಚೆಸ್ಟರ್ ಆ ಶತಮಾನದ ಉತ್ತರಾರ್ಧದಲ್ಲಿ ದಿಂಡಿಗಲ್ಲಿನಲ್ಲಿ ಚಿಕಿತ್ಸಾಲಯವನ್ನು ನಡೆಸಿದನು. ಹೀಗೆ ವೈದ್ಯವನ್ನು ಕಳುಹಿದ ಯಾಳ್ಪಾಣವೇ 1983ರಿಂದ 2009ರವರೆಗೆ ಅಂತರ್ಯುದ್ಧದಲ್ಲಿ ಬೆಂದು, ಅಲ್ಲಿಯ ನಿರಾಶ್ರಿತರು ಕಡಲನ್ನು ದಾಟಿ ತಮಿಳುನಾಡಿನ ಸರಕಾರಿ ಆಸ್ಪತ್ರೆಗಳ ಬಾಗಿಲಲ್ಲಿ ನಿಲ್ಲಬೇಕಾಯಿತು.

ಸ್ವಾತಂತ್ರ್ಯ ಬಂದ ವರ್ಷವೇ, ಎಳೆಯ ವಯಸ್ಸಿನಲ್ಲಿ ವಿಧವೆಯಾಗಿ ದಿಲ್ಲಿಯಲ್ಲಿ ವೈದ್ಯವನ್ನು ಕಲಿತ ಡಾಕ್ಟರ್ ಸೌಂದರಂ ಅವರು, ಪತಿ ಜಿ. ರಾಮಚಂದ್ರನ್ ಅವರೊಡನೆ, ದಿಂಡಿಗಲ್ಲಿನ ಸಮೀಪದ ಚಿನ್ನಾಳಪಟ್ಟಿಯ ಬಳಿ ಗಾಂಧಿಗ್ರಾಮವನ್ನು ಸ್ಥಾಪಿಸಿದರು. ಅಲ್ಲಿಯ ಕಸ್ತೂರಬಾ ಆಸ್ಪತ್ರೆಯ ವೈಶಿಷ್ಟ್ಯವೆಂದರೆ, ರೋಗಿ ಬರಲೆಂದು ಕಾಯದೆ ಹಳ್ಳಿಯ ಬಾಣಂತಿಯ ಹೊಸ್ತಿಲಿಗೆ ತಾನೇ ಹೋದದ್ದು. ಪಾದ್ರಿಗಳ ಔಷಧಾಲಯಗಳಿಗಿಂತ ಇದನ್ನೇ ನಾನು ಮಿಗಿಲೆನ್ನುವೆನು.

ಇನ್ನು ಆಂಡಿಪಟ್ಟಿಯ ಮಾತು. ಮಧುರೆಯ ದೊಡ್ಡಾಸ್ಪತ್ರೆಗೆ ಕಣಿವೆಯನ್ನು ದಾಟಿ ಹೋಗಬೇಕಾಗಿದ್ದ ಈ ತಾಲೂಕಿನಲ್ಲಿ, ಹಳೆಯ ಪಾಳೆಯಪಟ್ಟಾದ ಕಂಡಮನೂರಿಗೆ ದಾರಿ ಕವಲೊಡೆಯುವೆಡೆಯಲ್ಲಿ, ಈ ಶತಮಾನದ ಆದಿಭಾಗದಲ್ಲಿ ಸರಕಾರಿ ವೈದ್ಯಕೀಯ ಕಾಲೇಜೂ ಆಸ್ಪತ್ರೆಯೂ ಎದ್ದಿವೆ. ವರುಷನಾಡಿನ ಬೆಟ್ಟಗಳಿಂದಿಳಿದು ಬರುವ ಜ್ವರಪೀಡಿತನಿಗೆ ಈಗ ಅದೇ ಸಮೀಪದ ದೊಡ್ಡಾಸ್ಪತ್ರೆ.