ಟಿಕೆಟ್ಟಿಲ್ಲದ ಗೊಂಬೆಯಾಟ



‘ಗೊಂಬೆಯಾಟ. ಉಚಿತ ಪ್ರವೇಶ. ಕುಟುಂಬ ಸಮೇತ ಬನ್ನಿ’ ಎಂದು ಬರೆದ ಬ್ಯಾನರನ್ನು ನಗರದ ಕಲಾಕೇಂದ್ರಗಳ ಗೇಟಿನ ಮೇಲೆ ನೀವು ಕಂಡಿರಬಹುದು. ಕಂಡರೆ ಖಂಡಿತ ಹೋಗಿ. ಆದರೆ ಬ್ಯಾನರಿನಲ್ಲಿ ಎರಡು ಸಂಗತಿ ಹುಡುಕಿ: ಯಾವ ಗೊಂಬೆ? ಎಷ್ಟು ಗಂಟೆಗೆ? ಇವೆರಡೂ ಒಂದಕ್ಕೊಂದು ಹೊಂದಿಕೊಳ್ಳದಿದ್ದರೆ ಎಷ್ಟೇ ಒಳ್ಳೆಯ ಕಲಾವಿದರು ಬಂದರೂ ಆಟ ಕಳೆಗಟ್ಟುವುದಿಲ್ಲ.

ಇದನ್ನು ಏಕೆ ಹೇಳುತ್ತಿದ್ದೇನೆಂದರೆ, ಒಮ್ಮೆ ನಗರದ ಒಂದು ಕಲಾಕೇಂದ್ರದ ಅಂಗಳದಲ್ಲಿ ಸಂಜೆ ಐದಕ್ಕೆ ತೊಗಲುಗೊಂಬೆ ಆಟ ಇಟ್ಟಿದ್ದರು. ಬಿಸಿಲು ಇನ್ನೂ ಇತ್ತು. ಪರದೆ ಒಣಹಾಕಿದ ಪಂಚೆಯಂತೆ ಕಾಣುತ್ತಿತ್ತು. ಹಿಂದೆ ರಾಮನೂ ರಾವಣನೂ ಹೊಡೆದಾಡುತ್ತಿದ್ದರು. ಮುಂದೆ ಕುಳಿತ ಮಕ್ಕಳಿಗೆ ಮಸುಕು ಕಲೆಗಳಷ್ಟೇ ಕಂಡವು. ಕಾಲು ಗಂಟೆಯಲ್ಲಿ ಅರ್ಧ ಜನ ಎದ್ದು ಹೋದರು. ‘ಈ ಕಾಲದ ಮಕ್ಕಳಿಗೆ ಇದೆಲ್ಲ ರುಚಿಸುವುದಿಲ್ಲ’ ಎಂದು ಪಕ್ಕದಲ್ಲಿದ್ದ ಹಿರಿಯರೊಬ್ಬರು ತೀರ್ಪು ಕೊಟ್ಟರು. ಮಕ್ಕಳ ರುಚಿಗೂ ಇದಕ್ಕೂ ಸಂಬಂಧವೇ ಇರಲಿಲ್ಲ. ತಪ್ಪು ಬೆಳಕಿನದು.

ಸ್ವಲ್ಪ ಲೆಕ್ಕ ಹಾಕೋಣ. ಬೆಳಕಿನ ಪ್ರಮಾಣವನ್ನು ಲಕ್ಸ್ ಎಂಬ ಮಾನದಲ್ಲಿ ಅಳೆಯುತ್ತಾರೆಂದು ನಿಮಗೆ ಗೊತ್ತಿದೆ. 100 ವ್ಯಾಟಿನ ಹಳೆಯ ತಂತಿಯ ಬಲ್ಬು ಒಂದು ಮೀಟರ್ ದೂರದ ಬಟ್ಟೆಯ ಮೇಲೆ ಚೆಲ್ಲುವುದು ಸುಮಾರು 100 ಲಕ್ಸ್. ಅದೇ ಬಟ್ಟೆಯ ಮೇಲೆ ಬಯಲಿನ ಇಳಿಬಿಸಿಲು ಚೆಲ್ಲುವುದು ಸಾವಿರಾರು ಲಕ್ಸ್. ಹುಣ್ಣಿಮೆಯ ಬೆಳದಿಂಗಳಾದರೋ ಕಾಲು ಲಕ್ಸ್ ಇದ್ದರೆ ಹೆಚ್ಚು. ಹಾಗಾಗಿಯೇ ಹಳ್ಳಿಯಲ್ಲಿ ತುಂಬು ಬೆಳದಿಂಗಳಲ್ಲೂ ತೊಗಲುಗೊಂಬೆ ಚೆನ್ನಾಗಿ ಕಾಣುತ್ತದೆ. ನಗರದಲ್ಲಿ ಎದುರಿಗಿರುವ ಒಂದು ಬೀದಿದೀಪ ಪರದೆಯ ಕಪ್ಪನ್ನೆಲ್ಲ ಬೂದಿ ಬಣ್ಣ ಮಾಡಿಬಿಡುತ್ತದೆ.

ತೊಗಲುಗೊಂಬೆ ಬರೀ ನೆರಳಲ್ಲ ಎಂಬುದನ್ನೂ ಗಮನಿಸಿ. ಆಡಿನ ತೊಗಲನ್ನು ಕೆರೆದು, ಹದಮಾಡಿ, ಬೆಳಕು ಹಾಯುವಷ್ಟು ತೆಳುವಾಗಿಸಿ ಬಣ್ಣ ಹಾಕಿರುತ್ತಾರೆ. ಆಭರಣ, ಸೀರೆಯ ಅಂಚು ಇವೆಲ್ಲ ಸಣ್ಣ ಸಣ್ಣ ತೂತುಗಳು. ಬಣ್ಣ ನಮಗೆ ಮುಟ್ಟುವುದು ತೊಗಲನ್ನು ಹಾದು ಬಂದ ಬೆಳಕಿನಿಂದ. ಗೊಂಬೆಯನ್ನು ಪರದೆಗೆ ಒತ್ತಿ ಹಿಡಿದರೆ ಗೆರೆ ಚೂಪು. ಹಿಂದಕ್ಕೆಳೆದು ದೀಪದ ಕಡೆಗೆ ಸರಿಸಿದರೆ ಆಕಾರ ಹಿಗ್ಗುತ್ತದೆ, ಅಂಚು ಕರಗುತ್ತದೆ. ರಾಕ್ಷಸ ಬೆಳೆದು ಮಾಯವಾಗುವುದು ಹೀಗೆ. ಇದು ನಿಮ್ಮ ಹೈಸ್ಕೂಲಿನ ನೆರಳು–ಅರೆನೆರಳಿನ ಪಾಠವೇ. ಹಿಂದೆ ಎಣ್ಣೆ ದೀಪ ಇಡುತ್ತಿದ್ದಾಗ ಜ್ವಾಲೆ ತುಯ್ದಾಡಿ ನಿಂತ ಗೊಂಬೆಯೂ ಉಸಿರಾಡಿದಂತೆ ಕಾಣುತ್ತಿತ್ತು. ಬಲ್ಬಿಗೆ ಆ ಗುಣವಿಲ್ಲ. ಮೇಳದವರು ಮೂರು ಕಡೆ ಕರಿಕಂಬಳಿ ಕಟ್ಟುವುದಕ್ಕೂ ಕಾರಣವಿದೆ: ಒಳಗಿನ ಬೆಳಕು ಪರದೆಯೊಂದರಿಂದಲೇ ಹೊರಗೆ ಬರಬೇಕು.

ಹಾಗಾದರೆ ಹಗಲಿನಲ್ಲಿ, ಗದ್ದಲದ ನಡುವೆ ಗೊಂಬೆಯಾಟ ಆಗದೇ? ಆಗುತ್ತದೆ, ಅದಕ್ಕೆ ಬೇರೆ ಗೊಂಬೆ ಬೇಕು. ಲಂಡನ್ ನಗರದ ಕೋವೆಂಟ್ ಗಾರ್ಡನ್ ಎಂಬ ಚೌಕದ ಉದಾಹರಣೆ ಕೇಳಿ. 1662ರ ಮೇ 9ರಂದು ತಾನು ಅಲ್ಲಿ ಇಟಲಿಯವನೊಬ್ಬನ ಗೊಂಬೆಯಾಟ ನೋಡಿದೆನೆಂದು ಸ್ಯಾಮ್ಯುಯೆಲ್ ಪೀಪ್ಸ್ ಎಂಬಾತ ದಿನಚರಿಯಲ್ಲಿ ಬರೆದಿಟ್ಟ. ಇಂಗ್ಲೆಂಡಿನ ‘ಪಂಚ್’ ಎಂಬ ತುಂಟ ಗೊಂಬೆಯ ಹುಟ್ಟುದಿನವೆಂದು ಅಲ್ಲಿನವರು ಅದನ್ನೇ ಎಣಿಸುತ್ತಾರೆ. ಆ ನೆನಪಿಗೆ 1975ರಲ್ಲಿ ಅದೇ ಚೌಕದ ಚರ್ಚಿನ ತೋಟದಲ್ಲಿ ಮೇ ತಿಂಗಳ ಗೊಂಬೆ ಉತ್ಸವ ಆರಂಭವಾಯಿತು. ಪ್ರವೇಶ ಉಚಿತ, ಆಟ ಹಗಲಿನಲ್ಲೇ.

ಪೀಪ್ಸ್ ನೋಡಿದ್ದು ದಾರದ ಗೊಂಬೆ. ಮುಂದೆ ಪಂಚ್ ಕೈಗೆ ತೊಡುವ ಗವಸು ಗೊಂಬೆಯಾದ. ಒಬ್ಬನೇ ಹೊತ್ತು ನಡೆಯಬಹುದಾದ ಬಟ್ಟೆಯ ಡೇರೆ, ಅದರೊಳಗೆ ಆಡಿಸುವವನು. ಅವನ ಬಾಯಲ್ಲಿ ‘ಸ್ವಾಜಲ್’ ಎಂಬ ಪುಟ್ಟ ಪೀಪಿ. ಎರಡು ಲೋಹದ ಪಟ್ಟಿಗಳ ನಡುವೆ ಬಿಗಿದ ಪಟ್ಟಿ ಅಷ್ಟೇ. ಅದರಿಂದ ಪಂಚ್‌ನ ಕೀರಲು ದನಿ ಹೊರಡುತ್ತದೆ. ನಮ್ಮ ಕಿವಿ ಅತಿ ಚುರುಕಾಗಿರುವುದು ಸೆಕೆಂಡಿಗೆ 2000ದಿಂದ 4000 ಕಂಪನಗಳ ಸುಮಾರಿನಲ್ಲಿ. ಕೀರಲು ದನಿಯ ಬಲವೂ ಮೇಲಿನ ಸ್ವರಗಳಲ್ಲೇ. ಆದ್ದರಿಂದ ಸಂತೆಯ ಗದ್ದಲವನ್ನು ಸೀಳಿಕೊಂಡು ಬರುತ್ತದೆ. ರಾಜಸ್ಥಾನದ ಕಠಪುತಲಿಯವರೂ ಇದೇ ಉಪಾಯ ಕಂಡುಕೊಂಡಿದ್ದಾರೆ; ಬಿದಿರು ಮತ್ತು ತೊಗಲಿನ ಅವರ ಪೀಪಿಗೆ ‘ಬೋಲಿ’ ಎಂದು ಹೆಸರು. ಪೀಪಿಯ ಮಾತು ಅರ್ಥವಾಗುವುದು ಕಷ್ಟ, ಅದನ್ನು ಜನರಿಗೆ ತಿಳಿಹೇಳಲು ಹೊರಗೊಬ್ಬರು ಬೇಕು. ರಾಜಸ್ಥಾನದಲ್ಲಿ ಡೋಲಕ್ ಬಾರಿಸುವವರು ಆ ಕೆಲಸ ಮಾಡುತ್ತಾರೆ. ಲಂಡನ್ನಿನಲ್ಲಿ ಹಣ ಎತ್ತುವ ಜೊತೆಗಾರ ಮಾಡುತ್ತಿದ್ದ.

ನಮ್ಮಲ್ಲಿ ಬೆಳಕಿರುವಾಗ ಆಡಿಸಲು ಸೂತ್ರದ ಗೊಂಬೆಯಿದೆ. ಕುಂದಾಪುರದ ಬಳಿಯ ಉಪ್ಪಿನಕುದ್ರುವಿನ ಕಾಮತ್ ಮನೆತನದವರ ಯಕ್ಷಗಾನ ಗೊಂಬೆಗಳನ್ನು ನೋಡಿ. ಒಂದೂವರೆ ಎರಡು ಅಡಿಯ ಗೊಂಬೆ ಚೆಂಡೆಯ ಪೆಟ್ಟಿಗೆ ಹೆಜ್ಜೆ ಹಾಕುತ್ತದೆ. ಮಕ್ಕಳಿದ್ದಾರೆ, ಬೇಗ ಮನೆಗೆ ಹೋಗಬೇಕು, ಐದು ಗಂಟೆಗೇ ಆಟ ಶುರುವಾಗಬೇಕು ಎನ್ನುವ ಸಂಘಟಕರು ಇಂಥ ಮೇಳವನ್ನು ಕರೆಯಲಿ. ತೊಗಲುಗೊಂಬೆಯೇ ಬೇಕೆಂದರೆ ಡಿಸೆಂಬರ್, ಜನವರಿ ಒಳ್ಳೆಯದು. ಬೆಂಗಳೂರಿನಲ್ಲಿ ಆಗ ಆರೂವರೆ ಏಳಕ್ಕೆಲ್ಲ ಕತ್ತಲು, ಮಳೆಯ ಭಯವೂ ಕಡಿಮೆ.

ನಿಮ್ಮ ಕಾಲೇಜಿನ ಅಂಗಳದಲ್ಲಿ ನೀವೇ ಆಟ ಇಡಿಸುವುದಾದರೆ ಇನ್ನೊಂದು ಲೆಕ್ಕ. ಹತ್ತು ಮೀಟರ್ ದೂರದಿಂದ ಬರಿಗಣ್ಣಿಗೆ ಬೇರೆಬೇರೆಯಾಗಿ ಕಾಣುವುದು ಸುಮಾರು ಮೂರು ಮಿಲಿಮೀಟರ್ ಅಂತರದ ಚುಕ್ಕಿಗಳು. ಗೊಂಬೆಯ ಆಭರಣದ ತೂತುಗಳು ಹೆಚ್ಚುಕಡಿಮೆ ಅಷ್ಟೇ. ಅದಕ್ಕೂ ಹಿಂದೆ ಕುರ್ಚಿ ಹಾಕಿದರೆ ಕೂತವರಿಗೆ ಕೆಲಸಗಾರಿಕೆ ಕಾಣಿಸದು. ಸಾವಿರ ಜನರಿಗೆ ಒಂದು ಆಟಕ್ಕಿಂತ ಇನ್ನೂರು ಜನರಿಗೆ ಎರಡು ಆಟ ಮೇಲು. ಮೈಕಿನ ಪೆಟ್ಟಿಗೆಯನ್ನು ಮೂಲೆಯ ಕಂಬಕ್ಕೆ ಕಟ್ಟಬೇಡಿ. ಪರದೆಯ ಬುಡದಲ್ಲೇ ಇಡಿ. ಬೊಂಬೆ ನಡುವೆ ಕುಣಿದು ಮಾತು ಎಡಗಡೆಯಿಂದ ಬಂದರೆ ಮಗುವಿಗೂ ಅನುಮಾನ ಬರುತ್ತದೆ.

ಇನ್ನು ‘ಉಚಿತ’ ಎಂಬ ಮಾತು. ಹಳ್ಳಿಯಲ್ಲಿ ಗಣಪತಿ, ಸರಸ್ವತಿ ಗೊಂಬೆ ಬಂದು ಹೋಗಿ, ಕಿಳ್ಳೇಕ್ಯಾತ–ಬಂಗಾರಕ್ಕ ನಗಿಸಿ, ಬೆಳಗಿನವರೆಗೂ ರಾಮಾಯಣ ನಡೆದಾಗ ಯಾರೂ ಟಿಕೆಟ್ ಕೊಂಡಿರಲಿಲ್ಲ. ಆದರೆ ಮೇಳ ಬರಿಗೈಯಲ್ಲಿ ಹೋಗುತ್ತಿರಲಿಲ್ಲ. ಊರು ಸೇರಿ ಕಾಳುಕಡ್ಡಿ, ಬಟ್ಟೆ, ಹಣ ಕೊಡುತ್ತಿತ್ತು. ನಗರದ ಉಚಿತ ಆಟದಲ್ಲಿ ಆ ಊರು ಯಾರು? ಕೆಲವು ಕಡೆ ‘ನಿಮಗೆ ಪ್ರಚಾರ ಸಿಗುತ್ತದಲ್ಲ’ ಎಂದು ಹೇಳಿ ಹಾರ ಹಾಕಿ ಕಳಿಸುವುದನ್ನು ನೋಡಿದ್ದೇನೆ. ಹಾರದಿಂದ ತೊಗಲು ಕೊಳ್ಳಲಾಗದು. ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂದಾಗ ಅವರಿಗೆ ತೊಂಬತ್ತು ದಾಟಿತ್ತು. ಈ ವಿದ್ಯೆ ಮನೆಮಂದಿಯೆಲ್ಲ ಸೇರಿ ಮಾಡುವಂಥದ್ದು: ಒಬ್ಬರು ಹಾಡಬೇಕು, ಒಬ್ಬರು ಬಾರಿಸಬೇಕು, ಇಬ್ಬರು ಮೂವರು ಆಡಿಸಬೇಕು. ಮೊಮ್ಮಗ ಕಲಿಯಬೇಕಾದರೆ ಅದರಲ್ಲಿ ಅವನ ಊಟ ನಡೆಯಬೇಕು.

ಆದ್ದರಿಂದ ಆಟ ಮುಗಿದ ಮೇಲೆ ಸಂಘಟಕರನ್ನು ಕೇಳಲು ಸಂಕೋಚಪಡಬೇಡಿ. ಮೇಳದ ಸಂಭಾವನೆ ಇವತ್ತೇ ಕೊಡುತ್ತಾರೋ? ಬಸ್ ಖರ್ಚು ಯಾರದು? ತಟ್ಟೆ ತಿರುಗಿದರೆ ಅದು ಯಾರಿಗೆ ಸೇರುತ್ತದೆ? ಅಪ್ಪ ಅಮ್ಮನ ಜೊತೆ ಬಂದಿದ್ದರೆ ಅವರಿಂದಲೂ ಕೇಳಿಸಿ. ಆಮೇಲೆ ಪರದೆಯ ಹಿಂದಕ್ಕೆ ಹೋಗಿ. ಕೇಳಿಕೊಂಡರೆ ಕಲಾವಿದರು ಒಂದು ಗೊಂಬೆಯನ್ನು ನಿಮ್ಮ ಕೈಗೂ ಕೊಟ್ಟಾರು. ಕಡ್ಡಿಯಲ್ಲೇ ಹಿಡಿಯಿರಿ, ಬೆವರಿದ ಬೆರಳು ತೊಗಲಿಗೆ ತಾಗಬಾರದು.