ನೀರಿನೊಳಗಿನ ದಾಕ್ಷಿಣ್ಯ



ಕುರುಕ್ಷೇತ್ರದ ಕೊನೆಯಲ್ಲಿ ದುರ್ಯೋಧನ ವೈಶಂಪಾಯನ ಸರೋವರದಲ್ಲಿ ಅಡಗಿ ಕುಳಿತ ಕಥೆ ನಮಗೆಲ್ಲ ಗೊತ್ತು. ಅವನಿಗೆ ಜಲಮಂತ್ರದ ಬಲವಿತ್ತು. ಐವತ್ತೊಂದನೆಯ ವಯಸ್ಸಿನಲ್ಲಿ ಸಮುದ್ರದೊಳಕ್ಕೆ ಇಳಿಯಲು ಹೊರಟ ನನಗೆ ಇದ್ದದ್ದು ನಾಲ್ಕು ದಿನಗಳ ಶಿಕ್ಷಣ, ಬೆನ್ನ ಮೇಲೊಂದು ಅಲ್ಯೂಮಿನಿಯಂ ಸಿಲಿಂಡರು ಮತ್ತು ಚೀಲದಲ್ಲಿ ನನ್ನ ಭಾವಚಿತ್ರ ಅಚ್ಚಾದ ಒಂದು ಪುಟ್ಟ ಕಾರ್ಡು. ಈ ದಿನ ನಾನು ಮಾತನಾಡಬೇಕೆಂದಿರುವುದು ಆ ಕಾರ್ಡಿನ ವಿಷಯವಾಗಿ. ಅದು ಏನನ್ನು ಕೊಡುತ್ತದೆ, ಏನನ್ನು ಕೊಡಲಾರದು ಎಂಬ ವಿಷಯವಾಗಿ.

ಬೆನ್ನಿಗೆ ಗಾಳಿಯ ಸಿಲಿಂಡರು ಕಟ್ಟಿಕೊಂಡು ಮೀನಿನಂತೆ ಸ್ವಚ್ಛಂದವಾಗಿ ಮುಳುಗಿ ತಿರುಗುವ ಈ ವಿದ್ಯೆಗೆ ಸ್ಕೂಬಾ ಎಂದು ಹೆಸರು. 1943ರಲ್ಲಿ ಫ್ರಾನ್ಸಿನ ಕೂಸ್ಟೋ ಮತ್ತು ಗಾನ್ಯಾನ್ ಎಂಬಿಬ್ಬರು, ಉಸಿರೆಳೆದಾಗ ಬೇಕಾದಷ್ಟೇ ಗಾಳಿಯನ್ನು ನೀರಿನ ಒತ್ತಡಕ್ಕೆ ಸರಿಹೊಂದಿಸಿ ಬಾಯಿಗೆ ಒದಗಿಸುವ ಸಾಧನವನ್ನು ರೂಪಿಸಿದ ಮೇಲೆ ಇದು ನೌಕಾಪಡೆಯವರ ಕೈದಾಟಿ ನಮ್ಮಂಥ ಸಾಮಾನ್ಯರ ಕೈಗೂ ಬಂತು. ನಾನು ಕಲಿತದ್ದು ನಮ್ಮ ಉತ್ತರ ಕನ್ನಡದಲ್ಲಿಯೇ. ಮೊದಲು ಈಜುಕೊಳದಲ್ಲಿ, ಅನಂತರ ಮುರುಡೇಶ್ವರದ ದಡದಿಂದ ಸುಮಾರು 19 ಕಿಲೋಮೀಟರು ದೂರದ ನೇತ್ರಾಣಿ ದ್ವೀಪದ ಬಳಿ ಸಮುದ್ರದಲ್ಲಿ ನಾಲ್ಕು ಸಲ. ಮುಖಕವಚದೊಳಗೆ ನುಗ್ಗಿದ ನೀರನ್ನು ಮೂಗಿನಿಂದ ಉಸಿರೂದಿ ಹೊರಹಾಕುವುದು, ಬಾಯಿಂದ ಜಾರಿದ ರೆಗ್ಯುಲೇಟರನ್ನು ಕೈಬೀಸಿ ಹುಡುಕಿ ಮತ್ತೆ ಕಚ್ಚಿಕೊಳ್ಳುವುದು, ಗಾಳಿ ತೀರಿದ ಸಂಗಾತಿಗೆ ನಮ್ಮ ಗಾಳಿಯನ್ನು ಹಂಚುವುದು, ಇವನ್ನೆಲ್ಲ ಮಂಡಿಯೂರಿ ಕುಳಿತು ಮಾಡಿ ತೋರಿಸಿದೆ. ಕಲಿಸಿದವರು ಚೆನ್ನಾಗಿಯೇ ಕಲಿಸಿದರು. 18 ಮೀಟರು ಆಳದವರೆಗೆ, ಜೊತೆಗಾರನೊಬ್ಬನೊಂದಿಗೆ, ತಾನು ಕಲಿತ ನೀರಿನಂಥ ನೀರಿನಲ್ಲಿ ಇವನು ಮುಳುಗಬಹುದು ಎಂಬುದು ಆ ಕಾರ್ಡಿನ ಒಕ್ಕಣೆಯ ಸಾರ. ಕೊನೆಯ ಮಾತನ್ನು, ಅಂದರೆ 'ಕಲಿತ ನೀರಿನಂಥ ನೀರಿನಲ್ಲಿ' ಎಂಬುದನ್ನು, ಯಾರೂ ಎರಡನೆಯ ಸಲ ಓದುವುದಿಲ್ಲ. ಸಾರಿಗೆ ಕಚೇರಿಯ ಮೈದಾನದಲ್ಲಿ ಎಂಟರ ಅಂಕಿಯಂತೆ ಸ್ಕೂಟರು ತಿರುಗಿಸಿ ಲೈಸೆನ್ಸು ಪಡೆದವನು ಮರುದಿನವೇ ಆಷಾಢದ ಮಳೆಯಲ್ಲಿ ಶಿರಾಡಿ ಘಾಟಿಯನ್ನು ಇಳಿಯಲು ಹೊರಟರೆ ನಾವು ಅವನನ್ನು ತಡೆದೇವು. ಸಮುದ್ರದ ಮಟ್ಟಿಗೆ ಹಾಗೆ ತಡೆಯುವವರು ಕಡಿಮೆ.

ಏಳು ತಿಂಗಳಾದ ಮೇಲೆ ನಾನು ಅಂಡಮಾನಿಗೆ ಹೋದೆ. ಹ್ಯಾವ್‌ಲಾಕ್ ಎಂದು ಹೆಸರಾಗಿದ್ದು 2018ರಿಂದ ಸ್ವರಾಜ್ ದ್ವೀಪ ಎನಿಸಿಕೊಂಡಿರುವ ದ್ವೀಪ ಅದು. ಬೆಳಗಿನ ದೋಣಿಯಲ್ಲಿ ನಾವು ಆರು ಮಂದಿ ಮುಳುಗುವವರು, ಒಬ್ಬ ಮಾರ್ಗದರ್ಶಿ. ಇಪ್ಪತ್ತೈದು ಇಪ್ಪತ್ತಾರರ ಹುಡುಗ. ಚುರುಕು, ನಗುಮುಖ, ನೀರಿನಲ್ಲಿ ಹುಟ್ಟಿದವನಂಥ ಮೈಕಟ್ಟು. ಅವನು ಕೊಟ್ಟ ಕಾಗದದಲ್ಲಿ ಹಿಂದಿನ ಸಲ ಮುಳುಗಿದ್ದು ಯಾವಾಗ ಎಂಬ ಪ್ರಶ್ನೆಯಿತ್ತು. ಏಳು ತಿಂಗಳ ಹಿಂದೆ ಎಂದು ಪ್ರಾಮಾಣಿಕವಾಗಿಯೇ ಬರೆದೆ. ಆದರೆ ಕಲಿತದ್ದರಲ್ಲಿ ಅರ್ಧ ಮರೆತಿದ್ದೇನೆ, ಮೊದಲು ಆಳವಿಲ್ಲದ ಕಡೆ ಒಮ್ಮೆ ಅಭ್ಯಾಸ ಮಾಡಿಸಪ್ಪ ಎಂದು ಕೇಳಲು ಬಾಯಿ ಬರಲಿಲ್ಲ. ಪಕ್ಕದಲ್ಲಿ ಕುಳಿತಿದ್ದವರೊಬ್ಬರು ತಮ್ಮ ನೂರನೆಯ ಮುಳುಗಿನ ಮಾತನ್ನಾಡುತ್ತಿದ್ದರು. ಸೊಂಟಕ್ಕೆ ಎಷ್ಟು ಸೀಸ ಕಟ್ಟಲಿ ಎಂದು ಹುಡುಗ ಕೇಳಿದಾಗ, ಆರು ಕಿಲೋ ಎಂದು ಗಟ್ಟಿಯಾಗಿ ಹೇಳಿಬಿಟ್ಟೆ. ಅದು ನೆನಪಲ್ಲ, ಅಂದಾಜು. ನೇತ್ರಾಣಿಯಲ್ಲಿ ನಾನು ತೊಟ್ಟಿದ್ದ ಉಡುಪು ಬೇರೆ, ಅಂಡಮಾನಿನಲ್ಲಿ ಬಾಡಿಗೆಗೆ ಸಿಕ್ಕ ತೆಳುವಾದ ಉಡುಪು ಬೇರೆ. ಆರು ಕಿಲೋ ನನಗೆ ಹೆಚ್ಚಾಗಿತ್ತು. ಸೀಸ ಹೆಚ್ಚಾದರೆ ಮೈ ತಳಕ್ಕೆ ಜಗ್ಗುತ್ತದೆ, ಅದನ್ನು ಸರಿದೂಗಿಸಲು ಜಾಕೆಟ್ಟಿಗೆ ಗಾಳಿ ತುಂಬಬೇಕು, ತುಂಬಿದರೆ ಮೇಲಕ್ಕೆ ತೇಲುತ್ತದೆ, ಮತ್ತೆ ಬಿಡಬೇಕು. ಹೀಗೆ ಏರಿಳಿಯುತ್ತ, ಕಾಲು ಬಡಿಯುತ್ತ, ನೋಡಬೇಕಾದ ಮೀನುಗಳನ್ನು ಬಿಟ್ಟು ನನ್ನ ಹೊಟ್ಟೆಯ ಬಳಿಯ ಗುಂಡಿಗಳನ್ನೇ ನೋಡುತ್ತ ನಾನು ಗುಂಪಿನ ಹಿಂದೆ ಹೋದೆ.

ಇಲ್ಲಿ ಸ್ವಲ್ಪ ಲೆಕ್ಕ ಹೇಳಬೇಕು, ಬೇಸರಪಡಬಾರದು. ಸಾಮಾನ್ಯವಾದ ಸಿಲಿಂಡರಿಗೆ 200 ಬಾರ್ ಒತ್ತಡದಲ್ಲಿ ಗಾಳಿ ತುಂಬಿದರೆ ಅದರಲ್ಲಿ ಸುಮಾರು 2,200 ಲೀಟರು ಗಾಳಿ ಹಿಡಿಯುತ್ತದೆ. ಕೊನೆಯ 50 ಬಾರನ್ನು ಆಪತ್ತಿಗೆಂದು ಮುಟ್ಟದೆ ಇಡಬೇಕು. ಉಳಿದದ್ದು ಸುಮಾರು 1,650 ಲೀಟರು. ದಡದಲ್ಲಿ ಸಮಾಧಾನವಾಗಿರುವವನಿಗೆ ನಿಮಿಷಕ್ಕೆ 20 ಲೀಟರು ಸಾಕೆಂದು ಹಿಡಿಯೋಣ. ಆದರೆ ಪ್ರತಿ 10 ಮೀಟರು ಆಳಕ್ಕೆ ಒಂದು ವಾಯುಮಂಡಲದಷ್ಟು ಒತ್ತಡ ಕೂಡುತ್ತ ಹೋಗುವುದರಿಂದ, 20 ಮೀಟರು ಆಳದಲ್ಲಿ ಒಂದೊಂದು ಉಸಿರಿಗೂ ಮೇಲಿನದರ ಮೂರು ಪಟ್ಟು ಗಾಳಿ ವ್ಯಯವಾಗುತ್ತದೆ. ಸಮಾಧಾನಿಗೆ 27 ನಿಮಿಷ ಬಾಳುವ ಗಾಳಿ, ಹೆದರಿ ನಿಮಿಷಕ್ಕೆ 35 ಲೀಟರು ಸೆಳೆಯುವವನಿಗೆ 16 ನಿಮಿಷವೂ ಬಾಳುವುದಿಲ್ಲ. ಹೊಸಬನ ಸಿಲಿಂಡರು ಹಳಬರದ್ದಕ್ಕಿಂತ ಮೊದಲೇ ಬರಿದಾಗುವುದು ಅವನ ತಪ್ಪಲ್ಲ, ಅದು ಗಣಿತ. ಅದನ್ನು ಮುಚ್ಚಿಡುವುದು ಮಾತ್ರ ತಪ್ಪು.

ನಾನು ಮುಚ್ಚಿಟ್ಟೆ. ಹನ್ನೆರಡನೆಯ ನಿಮಿಷದಲ್ಲಿ ಮಾರ್ಗದರ್ಶಿ ಹಿಂತಿರುಗಿ, ಎರಡು ಬೆರಳುಗಳಿಂದ ತನ್ನ ಅಂಗೈಯನ್ನು ತಟ್ಟಿ, ಗಾಳಿ ಎಷ್ಟಿದೆಯೆಂದು ಎಲ್ಲರನ್ನೂ ಕೇಳಿದ. ನನ್ನ ಮಾಪಕದ ಮುಳ್ಳು 90ರ ಬಳಿ ಇತ್ತು. ಉಳಿದವರು ಬೆರಳು ಮಡಿಸಿ ಬಿಚ್ಚಿ ತಮ್ಮ ಸಂಖ್ಯೆಗಳನ್ನು ಹೇಳಿದರು. ಒಬ್ಬರದೂ 130ಕ್ಕೆ ಕಡಿಮೆ ಇರಲಿಲ್ಲ. ನಾನು ಸಂಖ್ಯೆ ಹೇಳಲಿಲ್ಲ. ಹೆಬ್ಬೆರಳಿಗೆ ತೋರುಬೆರಳು ಸೇರಿಸಿ ಉಂಗುರ ಮಾಡಿ, ಎಲ್ಲ ಸರಿ ಎಂಬ ಸನ್ನೆ ತೋರಿದೆ. ನನ್ನೊಬ್ಬನಿಂದ ಐವರ ಸುಖ ಕೆಡಬಾರದು. ದೂರದಿಂದ ದುಡ್ಡು ತೆತ್ತು ಬಂದಿದ್ದಾರೆ. ಇನ್ನು ಐದು ನಿಮಿಷ ಹೇಗೋ ನಡೆಯುತ್ತದೆ. ಮದುವೆಯ ಮನೆಯಲ್ಲಿ ಬೇಡವೆನ್ನಲಾರದೆ ಮೂರನೆಯ ಹೋಳಿಗೆಯನ್ನು ಹಾಕಿಸಿಕೊಳ್ಳುವವನ ಮನಸ್ಸೇ ಅದು. ನೆಲದ ಮೇಲೆ ಆ ದಾಕ್ಷಿಣ್ಯದಿಂದ ಆಗುವುದು ಹೆಚ್ಚೆಂದರೆ ಅಜೀರ್ಣ.

ಹುಡುಗ ನನ್ನ ಸನ್ನೆಯನ್ನು ನಂಬಿದ. ಮುಂದಕ್ಕೆ ಹವಳದ ಬಂಡೆಯ ಇಳಿಜಾರಿನುದ್ದಕ್ಕೂ ಸಾಗಿದ. ನನ್ನ ಕೈಗಡಿಯಾರದಂಥ ಯಂತ್ರ 21 ಮೀಟರು ತೋರಿಸಿತು. ನನ್ನ ಮಿತಿ 18 ಎಂಬುದು ನನಗೆ ನೆನಪಿತ್ತು. ಆದರೂ ಮುಂದೆ ಹೋಗುವವನಿಗೆ ನನಗಿಂತ ಹೆಚ್ಚು ಗೊತ್ತು ಎಂದುಕೊಂಡೆ. ಜೊತೆಗಾರರೆಂದು ದೋಣಿಯಲ್ಲಿ ಗೊತ್ತುಮಾಡಿದ್ದವರು ಕ್ಯಾಮೆರಾ ಹಿಡಿದು ಯಾವುದೋ ಬಿಲದ ಮುಂದೆ ನಿಂತುಬಿಟ್ಟಿದ್ದರು. ಅಷ್ಟರಲ್ಲಿ ಬಂಡೆಯ ಮೂಲೆಯಿಂದ ಎದುರು ಸೆಳವು ಬಂತು. ಕಾಲು ಬಡಿದಷ್ಟೂ ಉಸಿರು ಹೆಚ್ಚಿತು, ಉಸಿರು ಹೆಚ್ಚಿದಷ್ಟೂ ಸಾಲದೆನಿಸಿತು. ಇದು ಭ್ರಮೆಯಲ್ಲ. ಗಾಬರಿಯವನು ಮೇಲುಮೇಲಿನ ಗಿಡ್ಡ ಉಸಿರಾಡುತ್ತಾನೆ. ದೇಹದ ಇಂಗಾಲದ ಡೈ ಆಕ್ಸೈಡು ಸರಿಯಾಗಿ ಹೊರಹೋಗದೆ ಉಳಿದು, ಗಾಳಿ ಸಾಲದು, ಸಾಲದು ಎಂದು ಮಿದುಳನ್ನು ಕೂಗಿ ಕೇಳುತ್ತದೆ. ಮಾಪಕ 50 ಎಂದಿತು. ನೋಡುತ್ತಿದ್ದಂತೆಯೇ 40 ಎಂದಿತು.

ಆಗ ನನ್ನೊಳಗೆ ಎದ್ದ ಒಂದೇ ಆಸೆಯೆಂದರೆ ಬಾಣದಂತೆ ಮೇಲಕ್ಕೆ ಚಿಮ್ಮಿಬಿಡುವುದು. ಮೇಲೆ ಬೆಳ್ಳಗಿನ ಬೆಳಕು ಕಾಣುತ್ತಿತ್ತು. ನಮ್ಮ ದೋಣಿಯ ತಳವೂ ಕಂಡಂತಾಯಿತು. ಮೇಲೆ ಗಾಳಿ ಇದೆ ಎಂಬುದಕ್ಕಿಂತ ಸಹಜವಾದ ತರ್ಕ ಇನ್ನಾವುದು? ಆದರೆ ಆ ತರ್ಕದಲ್ಲಿಯೇ ಮೃತ್ಯು ಇದೆ. ಒತ್ತಡ ಇಳಿದಂತೆ ಗಾಳಿ ಹಿಗ್ಗುತ್ತದೆಂದು ನಾವು ಶಾಲೆಯಲ್ಲಿ ಓದಿದ ಬಾಯ್ಲನ ನಿಯಮ ಇಲ್ಲಿ ನಮ್ಮ ಎದೆಗೂಡಿಗೇ ಅನ್ವಯಿಸುತ್ತದೆ. 30ರಿಂದ 20 ಮೀಟರಿಗೆ ಏರಿದರೆ ಶ್ವಾಸಕೋಶದ ಗಾಳಿ ಮೂರನೆಯ ಒಂದು ಪಾಲಿನಷ್ಟು ಹೆಚ್ಚುತ್ತದೆ. ಕೊನೆಯ 10 ಮೀಟರಿನಲ್ಲಿ ಅದು ಎರಡರಷ್ಟಾಗುತ್ತದೆ. ದಡ ಹತ್ತಿರವಾಯಿತೆಂದು ನಾವು ನಿರಾಳವಾಗುವ ಪದರವೇ ಎಲ್ಲಕ್ಕಿಂತ ಕಠಿನವಾದದ್ದು. ಗಾಬರಿಯಲ್ಲಿ ಉಸಿರು ಬಿಗಿಹಿಡಿದು ಏರಿದರೆ ಶ್ವಾಸಕೋಶ ಹರಿದು ಗಾಳಿಯ ಗುಳ್ಳೆ ರಕ್ತಕ್ಕೆ ನುಗ್ಗಬಹುದು. ಅದಕ್ಕೇ ಉಸಿರನ್ನು ಎಂದಿಗೂ ಕಟ್ಟಬೇಡಿ ಎಂಬುದು ಈ ವಿದ್ಯೆಯ ಮೊದಲ ಪಾಠ. ಇನ್ನು ರಕ್ತದಲ್ಲಿ ಕರಗಿರುವ ಸಾರಜನಕದ ಮಾತು ಬೇರೆ. ಸೋಡಾ ಸೀಸೆಯನ್ನು ತಟ್ಟನೆ ತೆರೆದಂತೆ ಅದು ಗುಳ್ಳೆಗಟ್ಟದಿರಲೆಂದೇ ನಿಧಾನವಾಗಿ ಏರಬೇಕು, 5 ಮೀಟರಿನಲ್ಲಿ ಮೂರು ನಿಮಿಷ ತಂಗಬೇಕು. ಹಂತಹಂತವಾಗಿ ಏರುವ ಲೆಕ್ಕವನ್ನು ಹಾಲ್ಡೇನ್ ಎಂಬ ವಿಜ್ಞಾನಿ 1908ರಲ್ಲಿಯೇ ಕೋಷ್ಟಕ ಹಾಕಿ ಕೊಟ್ಟಿದ್ದಾನೆ.

ನಾನು ಚಿಮ್ಮಲಿಲ್ಲ. ಧೈರ್ಯದಿಂದಲ್ಲ, ಮೈಗೆ ಕಟ್ಟಿದ್ದ ಹೆಚ್ಚಿನ ಸೀಸ ಬಿಡಲಿಲ್ಲ, ಅಷ್ಟೆ. ನನ್ನ ತಪ್ಪು ಅಂದಾಜೇ ನನ್ನನ್ನು ಆ ಗಳಿಗೆಯಲ್ಲಿ ಕಾಪಾಡಿತೆಂದರೆ ನಗು ಬರುತ್ತದೆ. ಬಂಡೆಯನ್ನು ಹಿಡಿದು ಹಿಡಿದು ಮುಂದೆ ಹೋಗಿ ಮಾರ್ಗದರ್ಶಿಯ ಕಾಲಿನ ರಬ್ಬರು ಪಾದವನ್ನು ಜಗ್ಗಿದೆ. ಮಾಪಕವನ್ನು ಅವನ ಮುಖಕ್ಕೆ ಹಿಡಿದೆ. ಅವನ ಕಣ್ಣು ಅಗಲವಾದದ್ದು ಗಾಜಿನ ಹಿಂದೆ ಕಾಣಿಸಿತು. ಮರುಕ್ಷಣ ತನ್ನ ಹೆಚ್ಚುವರಿ ರೆಗ್ಯುಲೇಟರನ್ನು ನನ್ನ ಬಾಯಿಗೆ ಕೊಟ್ಟು, ನನ್ನ ಜಾಕೆಟ್ಟಿನ ಪಟ್ಟಿಯನ್ನು ಬಿಗಿಯಾಗಿ ಹಿಡಿದು, ಎಲ್ಲರಿಗೂ ಹೆಬ್ಬೆರಳು ಮೇಲೆತ್ತಿ ತೋರಿದ. ನೀರಿನೊಳಗೆ ಹೆಬ್ಬೆರಳೆತ್ತಿದರೆ ಭೇಷ್ ಎಂದಲ್ಲ, ಮೇಲೇರೋಣ ಎಂದು ಅರ್ಥ. ಐದು ಮೀಟರಿನಲ್ಲಿ ಮೂರು ನಿಮಿಷ ಅವನ ಎದುರಿಗೆ, ಅವನ ಗಾಳಿಯನ್ನು ಉಸಿರಾಡುತ್ತ, ಅವನ ಕಣ್ಣನ್ನು ತಪ್ಪಿಸುತ್ತ ತೂಗಾಡಿದೆ. ದೋಣಿ ಹತ್ತಿದ ಮೇಲೆ ಅವನು ಕೇಳಿದ್ದು ಒಂದೇ ಮಾತು: ಆಗ ಕೇಳಿದಾಗ ಏಕೆ ಹೇಳಲಿಲ್ಲ? ನನಗೆ ಉತ್ತರ ಹೊಳೆಯಲಿಲ್ಲ. ಉಳಿದ ಐವರಲ್ಲಿ ಒಬ್ಬರೂ ಬೇಸರಿಸಿಕೊಳ್ಳಲಿಲ್ಲ. ನೂರರ ಸಂಖ್ಯೆಯವರು ತಮ್ಮ ಫ್ಲಾಸ್ಕಿನಿಂದ ನನಗೆ ಚಹಾ ಬಗ್ಗಿಸಿಕೊಟ್ಟರು.

ಆಮೇಲೆ ಈ ವಿಷಯವಾಗಿ ಓದತೊಡಗಿದೆ. ಸ್ಕೂಬಾ ಅಪಘಾತಗಳಲ್ಲಿ ಸತ್ತ 947 ಮಂದಿಯ ದಾಖಲೆಗಳನ್ನು ಪರಿಶೀಲಿಸಿ 2008ರಲ್ಲಿ ಪ್ರಕಟವಾದ ಒಂದು ಅಧ್ಯಯನವಿದೆ. ಅನಾಹುತದ ಮೊದಲ ಕೊಂಡಿ ಯಾವುದೆಂದು ಗುರುತಿಸಲು ಸಾಧ್ಯವಾದ ಪ್ರಕರಣಗಳಲ್ಲಿ ಶೇಕಡ 41ರಲ್ಲಿ ಅದು ಗಾಳಿಯ ಕೊರತೆ. ಸಲಕರಣೆ ಕೆಟ್ಟದ್ದು ಶೇಕಡ 15ರಲ್ಲಿ ಮಾತ್ರ. ಯಂತ್ರ ಕೈಕೊಟ್ಟೀತೆಂದು ನಾವು ಹೆದರುತ್ತೇವೆ. ಮಾಪಕ ನಿಜ ಹೇಳುತ್ತಲೇ ಇರುತ್ತದೆ. ಅದನ್ನು ಓದದಿರುವವರು, ಓದಿಯೂ ಹೇಳದಿರುವವರು ನಾವು.

ಮಾರ್ಗದರ್ಶಿಯ ಮೇಲೆ ಎಲ್ಲವನ್ನೂ ಹೊರಿಸುವುದು ಸುಲಭ. ಆರು ಮಂದಿಗೆ ಒಬ್ಬನೇ ಎಂಬುದು, ಅದರಲ್ಲಿಯೂ ಹೊಸಬರಿದ್ದಾಗ, ಹೆಚ್ಚೆಂದು ನನ್ನ ಅಭಿಪ್ರಾಯ. 18ರ ಮಿತಿಯವನನ್ನು 21ಕ್ಕೆ ಕರೆದೊಯ್ದದ್ದು ಸರಿಯಲ್ಲವೆಂದೂ ಹೇಳುತ್ತೇನೆ. ಆದರೆ ಅವನು ನೀರಿನ ದಾರಿ ಬಲ್ಲವನೇ ಹೊರತು ನನ್ನ ಎದೆಯ ಬಡಿತವನ್ನು ಬಲ್ಲವನಲ್ಲ. ಶಿಕ್ಷಣದ ದಿನಗಳಲ್ಲಿ ಗುರು ನಮ್ಮ ಮುಖವನ್ನೇ ನೋಡುತ್ತಿರುತ್ತಾನೆ; ಮಾರ್ಗದರ್ಶಿ ಮುಂದೆ ನೋಡುತ್ತಾನೆ, ನಮಗೆ ಕಾಣುವುದು ಅವನ ಬೆನ್ನು. ಈ ವ್ಯತ್ಯಾಸವನ್ನು ಹೊಸಬರು ಅರಿಯದೆ, ಕಾರ್ಡು ಕೊಟ್ಟ ಜವಾಬ್ದಾರಿಯನ್ನು ಮೊದಲ ದಿನವೇ ಅವನ ಕೈಗೆ ಮರಳಿಸಿಬಿಡುತ್ತಾರೆ. ನಾನೂ ಹಾಗೆಯೇ ಮಾಡಿದ್ದೆ.

ಈಗ ನನ್ನ ಕ್ರಮ ಬೇರೆ. ದೋಣಿಯಲ್ಲಿಯೇ, ನಾಲ್ಕು ಜನರ ಎದುರು, ನಾನು ಹೊಸಬ, ನನಗೆ ಗಾಳಿ ಬೇಗ ತೀರುತ್ತದೆ, 18ರ ಕೆಳಗೆ ಬರುವುದಿಲ್ಲ ಎಂದು ಹೇಳಿಬಿಡುತ್ತೇನೆ. ಹೇಳಿದ ಮೇಲೆ ಮುಚ್ಚಿಡುವುದಕ್ಕೆ ಏನೂ ಉಳಿಯುವುದಿಲ್ಲ. ಹೊಸ ಊರಿನಲ್ಲಿ ಸೀಸದ ತೂಕವನ್ನು ದೋಣಿಯ ಬದಿಯಲ್ಲಿಯೇ ತೇಲಿ ನೋಡುತ್ತೇನೆ. ಜೊತೆಗಾರನ ಕೈಯಲ್ಲಿ ಕ್ಯಾಮೆರಾ ಇದ್ದರೆ ಬೇರೊಬ್ಬರನ್ನು ಕೇಳುತ್ತೇನೆ. ಇದಕ್ಕೆ ಕೆಲವರು ಮುನಿಸಿಕೊಂಡದ್ದೂ ಉಂಟು.

ಕಳೆದ ಮಳೆಗಾಲ ಮುಗಿದು ನೇತ್ರಾಣಿಯ ಕಡೆ ದೋಣಿಗಳು ಮತ್ತೆ ಹೊರಟಾಗ ನಾನೂ ಹೋದೆ. ಮುರುಡೇಶ್ವರದ ಶಿವ ಹಿಂದೆ ಹಿಂದೆ ಸರಿದು ಹೆಬ್ಬೆರಳಿನಷ್ಟಾದ. ನನಗೆ ಜೊತೆಗಾತಿಯಾಗಿ ಬಂದವಳು ಹುಬ್ಬಳ್ಳಿಯ ಕಡೆಯ ಹುಡುಗಿ. ಕಾರ್ಡು ಬಂದು ಎರಡೇ ವಾರವಾಗಿತ್ತು. ಹಗ್ಗ ಹಿಡಿದು ಮೂರು ಮೀಟರು ಇಳಿದಿದ್ದೆವೋ ಇಲ್ಲವೋ, ಅವಳು ನಿಂತಳು. ಕಿವಿಯನ್ನು ತೋರಿಸಿದಳು. ಸ್ವಲ್ಪ ಮೇಲೇರಿ ಮತ್ತೆ ಪ್ರಯತ್ನಿಸಿದಳು, ಆಗಲಿಲ್ಲ. ಕೆಳಗೆ ಮೂವರು ಕಾಯುತ್ತಿರುವುದನ್ನು ಒಮ್ಮೆ ನೋಡಿದಳು, ನನ್ನನ್ನು ನೋಡಿದಳು, ಆಮೇಲೆ ಹೆಬ್ಬೆರಳು ಎತ್ತಿದಳು. ಮಾರ್ಗದರ್ಶಿಗೆ ಸನ್ನೆ ಮಾಡಿ ತಿಳಿಸಿ ನಾನೂ ಅವಳೊಂದಿಗೆ ಏರಿದೆ.

ದೋಣಿಯಲ್ಲಿದ್ದ ಮುದುಕ ನಮ್ಮಿಬ್ಬರ ಸಿಲಿಂಡರುಗಳನ್ನು ಎತ್ತಿಕೊಂಡು, "ಕಿವಿ ಬಿಡ್ಲಿಲ್ವಾ ತಂಗಿ?" ಎಂದು ಕೇಳಿದ.

"ನಿಮ್ಮ ಡೈವ್ ಹಾಳಾಯ್ತು ಸರ್, ನನ್ನಿಂದ," ಎಂದಳು ಅವಳು, ಮುಖ ಒರೆಸಿಕೊಳ್ಳುತ್ತ.

ನಾನು ಅಂಡಮಾನಿನ ಕಥೆಯನ್ನು ಮೊದಲಿನಿಂದ ಹೇಳಲು ಶುರುಮಾಡಿದೆ. ಮುದುಕ ಬಾಳೆಹಣ್ಣಿನ ಚಿಪ್ಪನ್ನು ತಂದು ನಡುವೆ ಇಟ್ಟ. ಮೂವರೂ ತಿನ್ನುತ್ತ ಕುಳಿತೆವು. ನನ್ನ ಸಿಲಿಂಡರಿನಲ್ಲಿ ಇನ್ನೂ 190 ಇತ್ತು.